ಮುಚ್ಚಿಹೋದ ವಿಮಾನ ಕಂಪನಿಯ ಮೂರು ಸೀಟು

ಮರದ ಬೆಂಚಿಗೆ ಎರಡು ಸಾವಿರ. ಪ್ಲಾಸ್ಟಿಕ್ ಕುರ್ಚಿಗೆ ಐನೂರು. ಅಮೆರಿಕದ ವಿಮಾನದ ಮೂರು ಸೀಟಿನ ಒಂದು ಸಾಲಿಗೆ ಹನ್ನೆರಡು ಸಾವಿರ. ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಎದುರು ಪುಟ್ಟ ಹೋಟೆಲ್ ಇಟ್ಟಿದ್ದ ರಜನೀಶ, ಇದ್ದ ಎರಡು ಬೆಂಚನ್ನೂ ಗುಜರಿಗೆ ಹಾಕಿ ವಿಮಾನದ ಸೀಟನ್ನೇ ತಂದ.

ಗುಜರಿಯವನು ಅದರ ಚರಿತ್ರೆಯನ್ನೂ ಹೇಳಿ ಕಳಿಸಿದ್ದ. ನಮ್ಮ ಹಾಸನ–ಹೊಳೆನರಸೀಪುರ ಬಸ್ಸಿನಂತೆ ಸಣ್ಣ ಊರುಗಳ ನಡುವೆ ಇಪ್ಪತ್ತೆರಡು ವರ್ಷ ಹಾರಿದ ವಿಮಾನ ಕಂಪನಿ ಅದು. ನೌಕರರ ನೆಂಟರಿಗೆಲ್ಲ ಬಿಟ್ಟಿ ಪಾಸು ಕೊಟ್ಟು ಕೊಟ್ಟು, ಸೀಟು ಭರ್ತಿಯಾಗಿ, ಗಲ್ಲಾ ಖಾಲಿಯಾಗಿ ಮುಚ್ಚಿಹೋಯಿತು.

"ದಡ್ಡರು ಕಣಪ್ಪಾಜಿ! ಸೀಟು ತುಂಬಿದ್ಮೇಲೂ ಯಾರಾದ್ರೂ ಮುಚ್ತಾರಾ?" ಎಂದು ನಕ್ಕ ರಜನೀಶ.

ಅಪ್ಪ ಪರಮಶಿವಯ್ಯ ಆಗಲೇ ಕಿಟಕಿ ಪಕ್ಕದ ಸೀಟು ಹಿಡಿದಿದ್ದರು.

ಮರುದಿನ ಬೆಳಗ್ಗೆ ಏಳಕ್ಕೆ ಹೋಟೆಲ್ಲಿನ ಕಿಟಕಿಯಿಂದ ಒಂದು ಟವಲ್ಲು ಹಾರಿಬಂದು ನಡುವಿನ ಸೀಟಿನ ಮೇಲೆ ಬಿತ್ತು. ಅದರ ಹಿಂದೆಯೇ ಸೋಡಾ ಅಂಗಡಿಯ ರಂಗಯ್ಯನ ಕೂಗು: "ಟವಲ್ ಆಕಿವ್ನಿ, ಯಾರೂ ಕೂರ್‌ಬ್ಯಾಡಿ!"

ಉಳಿದ ಸೀಟಿಗೆ ಅರಕಲಗೂಡಿನ ಮಗಳ ಮನೆಗೆ ಹೊರಟಿದ್ದ ನೀಲಗಂಗಮ್ಮನ ಬ್ಯಾಗು ಬಂತು. ಮೂವರಿಗೂ ಸೇರಿ ಒಂದೇ ಕಾಫಿ. ದೋಸೆಗೆ ಬಂದವರು ಮದುವೆಮನೆಯ ಎರಡನೇ ಪಂಕ್ತಿಯವರಂತೆ ಬೆನ್ನ ಹಿಂದೆ ಕಾದು ನಿಂತು, ಕೊನೆಗೆ ಎದುರಿನ ಅಮರನಾಥನ ಹೋಟೆಲ್ಲಿಗೆ ನಡೆದರು.

"ಅಮ್ಮಾ, ಅರಕಲಗೂಡು ಬಸ್ ಬಂದದೆ!" ಎಂದ ರಜನೀಶ.

"ಓಗ್ಲಿ ಬುಡಪ್ಪ. ಅದ್ರಲ್ಲಿ ಇಂತಾ ಸೀಟ್ ಐತಾ?"

"ರಂಗಯ್ಯಣ್ಣ, ನೀನಾದ್ರೂ ಏಳು."

"ಬೆಲ್ಟ್ ಬಿಚ್ಚಾಕೆ ಬರಾಕಿಲ್ಲ ಕಣ್ಲಾ," ಎಂದ ರಂಗಯ್ಯ. ಆದರೆ ನಡುವೆ ಎರಡು ಸಲ ಎದ್ದು ಬೀಡಿ ಸೇದಿ ಬಂದಿದ್ದ.

ಮಧ್ಯಾಹ್ನಕ್ಕೆ ದೋಸೆ ಹಿಟ್ಟು ಹುಳಿಯಿತು. ಆಗ ಅಮರನಾಥನೇ ಬಂದ. "ಎಂಟು ಸಾವ್ರ ಕೊಡ್ತೀನಿ, ಸೀಟು ಕೊಡ್ತೀಯಾ? ಅಲ್ಲಾ, ಆ ಕಂಪ್ನಿ ಮುಚ್ಚಿದ್ದಾದ್ರೂ ಯಾಕೆ?"

ರಜನೀಶ ಉತ್ಸಾಹದಿಂದ ಎಲ್ಲ ಹೇಳಿ, ದುಡ್ಡು ಎಣಿಸಿಕೊಂಡ. ಪೀಡೆ ಎದುರಾಳಿಯ ತಲೆಗೆ ಹೋಯಿತೆಂದು ಮೀಸೆಯಡಿ ನಕ್ಕ.

ಸಂಜೆ ಎದುರಿನ ಅಮರನಾಥನ ಹೋಟೆಲ್ಲಿನಲ್ಲಿ ಜಾತ್ರೆಯಂಥ ಜನ. ಸೀಟಿನ ಮೇಲೆ ಬೋರ್ಡು: "ಅರ್ಧ ಗಂಟೆಗೆ ಹತ್ತು ರೂಪಾಯಿ. ಬಿಟ್ಟಿ ಪಾಸ್ ಇಲ್ಲ." ಕಿಟಕಿ ಪಕ್ಕದಲ್ಲಿ ಬೆಲ್ಟು ಬಿಗಿದು ಕೂತಿದ್ದವರು ಪರಮಶಿವಯ್ಯ.

"ಅಪ್ಪಾಜೀ! ನೀವೂನಾ?"

"ಟಿಕೆಟ್ ತಗಂಡಿವ್ನಿ ಕಣ್ಲಾ. ಇಲ್ಲಿ ಯಾವನೂ ಏಳು ಅನ್ನಂಗಿಲ್ಲ."

ರಜನೀಶನಿಗೆ ಹೋದದ್ದು ನಾಲ್ಕು ಸಾವಿರ, ಎರಡು ಬೆಂಚು, ಒಂದು ಪಾತ್ರೆ ಹಿಟ್ಟು. ಉಳಿದದ್ದು ರಂಗಯ್ಯ ಮರೆತುಹೋದ ಟವಲ್ಲು.