ಚಿಗವ್ವನ ಮೂರು ಕೋರ್ಟುಗಳು

ನಮ್ಮ ಚಿಗವ್ವನಷ್ಟು ನೀತಿವಂತಳು ಇಡೀ ಹೈದರಾಬಾದಿನಲ್ಲಿ ಸಿಗಲಿಕ್ಕಿಲ್ಲ. ನಿಮ್ಮ ಬಳಿ, ನನ್ನ ಬಳಿ ಹೆಚ್ಚೆಂದರೆ ಒಂದು ನೀತಿ ಇದ್ದೀತು. ಅವಳ ಬಳಿ ಮೂರಿದ್ದವು! ಯಾವ ಹೊತ್ತಿಗೆ ಯಾವುದು ಬೇಕೋ ಅದನ್ನು ತೆಗೆದುಕೊಳ್ಳುತ್ತಿದ್ದಳು.

ಚಿಗವ್ವ ಎಂದರೆ ನಮ್ಮ ಅವ್ವನ ತಂಗಿ. ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಫೈಲು ಹೊತ್ತು ನಿವೃತ್ತಳಾಗಿ, ಕಾಚಿಗೂಡದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಒಬ್ಬಳೇ ಇದ್ದಳು. ಮೇಲಿನವರ ಅಪ್ಪಣೆಯಿಲ್ಲದೆ ಒಂದು ಕಾಗದವನ್ನೂ ಮುಂದೆ ದೂಡದ ಅಭ್ಯಾಸ ನೌಕರಿ ಮುಗಿದರೂ ಹೋಗಲಿಲ್ಲ. ಕಚೇರಿಯಲ್ಲಾದರೆ ಸಾಹೇಬರಿದ್ದರು. ಮನೆಯಲ್ಲಿ ಯಾರಿದ್ದಾರೆ? ಹಾಗಾಗಿ ಸರಿ ಯಾವುದು, ತಪ್ಪು ಯಾವುದು ಎಂದು ಹೇಳುವುದಕ್ಕೆ ಸಾಹೇಬರನ್ನು ತಾನೇ ನೇಮಿಸಿಕೊಂಡಳು.

ಮೊದಲನೆಯವರು ಓಣಿಯ ತುದಿಯ ಗುಡಿಯ ಅಯ್ನೋರು. ಸೀನುವುದರಿಂದ ಹಿಡಿದು ಸಾಯುವವರೆಗೆ ಎಲ್ಲವೂ ಶಾಸ್ತ್ರದಲ್ಲಿದೆ ಎನ್ನುವವರು. ಮೇಲಿನ ಮಹಡಿಯಲ್ಲಿ ತೆಲುಗು ಮಾಸ್ಟರು. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ ಹೇಳಿ ಕೊನೆಗೆ ಯಾವುದರಲ್ಲೂ ನಂಬಿಕೆ ಉಳಿಯದವರು. ಪಾಪವೂ ಇಲ್ಲ, ಪುಣ್ಯವೂ ಇಲ್ಲ, “ಅಂತಾ ಭ್ರಮ ಅಮ್ಮಾ!” ಎಲ್ಲವೂ ಭ್ರಮೆ ಎನ್ನುತ್ತ ನಮ್ಮ ಮನೆಯ ಚಹಾಕ್ಕೆ ಮಾತ್ರ ಎರಡು ಚಮಚ ಸಕ್ಕರೆ ಕೇಳುತ್ತಿದ್ದರು. ಕೆಳಗೆ ರವಿಕೆ ಹೊಲಿಯುವ ಖಾಲಾ, ಓಣಿಗೆಲ್ಲ ಚಿಕ್ಕಮ್ಮ. ಅವರ ಕಾನೂನು ಒಂದೇ ಸಾಲಿನದು: “ದಿಲ್ ಕ್ಯಾ ಬೋಲ್ರಾ? ವೈಸಾಚ್ ಕರೋ.” ಮನಸ್ಸು ಏನು ಹೇಳುತ್ತದೋ ಅದನ್ನೇ ಮಾಡು, ಮುಗಿಯಿತು!

ಇಂಥ ಮನೆಗೆ ಹೋದ ವರ್ಷ ನಾನು ರಾಯಚೂರಿನಿಂದ ಒಂದು ಸೂಟ್‌ಕೇಸ್ ಹಿಡಿದು ಬಂದಿಳಿದೆ. ಗಂಡನನ್ನು ಬಿಟ್ಟು! ಅಯ್ಯೋ ಪಾಪ ಎನ್ನಬೇಡಿ. ಆತ ಕುಡಿಯುವವನಲ್ಲ, ಹೊಡೆಯುವವನಲ್ಲ. ಮಾತಾಡುವವನೂ ಅಲ್ಲ! ಆರು ವರ್ಷದಲ್ಲಿ ನನ್ನೊಡನೆ ಅತಿ ಹೆಚ್ಚು ಮಾತಾಡಿದ್ದು ಸಾರಿಗೆ ಉಪ್ಪು ಮರೆತ ದಿನ. ಇಂಥ ಸಜ್ಜನನನ್ನು ಬಿಟ್ಟದ್ದು ಸರಿಯೇ ಎಂದು ಬಳಗವೆಲ್ಲ ಕೇಳುತ್ತಿತ್ತು. ನನಗೇ ಗೊತ್ತಿರಲಿಲ್ಲ. ಚಿಗವ್ವ ಮಾತ್ರ, “ಮೊದಲ ಉಣ್ಣು. ಬರೋಬರಿನೋ ತಪ್ಪೋ ಆಮ್ಯಾಲ ಕೇಳೋಣು,” ಎಂದಳು. ಆ ‘ಆಮ್ಯಾಲ’ ಬರುವವರೆಗೆ ನನಗೆ ಅಲ್ಲಿ ಜಾಗವಿತ್ತು. ಅದು ಯಾವತ್ತು ಬರುತ್ತದೋ ಎಂದು ಒಳಗೊಳಗೇ ಹೆದರುತ್ತಿದ್ದೆ.

ಅಷ್ಟರಲ್ಲಿ ಕೋರ್ಟುಗಳಿಗೆ ಬೇರೆ ಕೆಲಸ ಬಹಳವಿತ್ತು! ಮಾಸ್ಟರು ಮಾಳಿಗೆಯ ಮೇಲೆ ಕುಂಡಗಳಲ್ಲಿ ದಾಸವಾಳ ಬೆಳೆಸಿದ್ದರು. ಚಿಗವ್ವನಿಗೆ ಪೂಜೆಗೆ ಅವೇ ಬೇಕು. ಕದ್ದ ಹೂವು ಶಿವನಿಗೆ ಮುಟ್ಟುವುದಿಲ್ಲ ಎಂದರು ಅಯ್ನೋರು. ಚಿಗವ್ವ ನೇರವಾಗಿ ಮಾಸ್ಟರ ಬಳಿಗೇ ಹೋದಳು. “ಮಾಸ್ಟರ್ರ, ಇದು ನಂದು, ಅದು ನಿಮ್ಮದು ಅನ್ನೂದು ಖರೇನ ಐತೇನ್ರಿ?” ಇಂಥ ಶಿಷ್ಯೆ ಸಿಕ್ಕ ಖುಷಿಯಲ್ಲಿ ಮಾಸ್ಟರು ಒಂದು ತಾಸು ಉಪನ್ಯಾಸ ಕೊಟ್ಟು, ನನ್ನದು ನಿನ್ನದು ಎನ್ನುವುದೆಲ್ಲ ಭ್ರಮೆ ಎಂದು ತೀರ್ಪಿತ್ತರು. ಮರುದಿನ ಬೆಳಿಗ್ಗೆ ಗಿಡದಲ್ಲಿ ಒಂದು ಹೂವೂ ಇಲ್ಲ!

“ನಾ ಮಂದಾರಾಲು ಏವಿ?” ನನ್ನ ದಾಸವಾಳ ಎಲ್ಲಿ ಎಂದು ಕೂಗುತ್ತ ಮಾಸ್ಟರು ಬನಿಯನ್ನಿನಲ್ಲೇ ಕೆಳಗಿಳಿದು ಬಂದರು.

“ನಿಮ್ಮ ಹೂವು ಅನ್ನೂದ ಭ್ರಮಾ ಅಂತ ನೀವ ಅಂದ್ರೆಲ್ಲಾ! ಕುಂದರ್ರಿ, ಚಾ ಮಾಡತೀನಿ.”

ಪಾಪ, ತತ್ವಜ್ಞಾನಿ! ಚಹಾ ಕುಡಿದು ಹೋಗಿ ಮಾಳಿಗೆಯ ಬಾಗಿಲಿಗೆ ಬೀಗ ಹಾಕಿದರು.

ಶ್ರಾವಣ ಸೋಮವಾರದ ಉಪವಾಸದ ದಿನ ಉಸ್ಮಾನಿಯಾ ಬಿಸ್ಕತ್ತು ತಿನ್ನಬಹುದೇ ಎಂಬ ಮೊಕದ್ದಮೆಯಲ್ಲಿ ಅಯ್ನೋರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಸೀದಾ ಖಾಲಾ. ಖಾಲಾ ಕೇಳಿದರು, ದಿಲ್ ಏನು ಹೇಳುತ್ತದೆ ಎಂದು. “ದಿಲ್ ಒಂದು ಸಾಕು ಅಂತೈತಿ, ಹೊಟ್ಟಿ ನಾಕು ಅಂತೈತಿ,” ಎಂದ ಚಿಗವ್ವ ನಾಲ್ಕನ್ನೂ ಅಲ್ಲೇ ಹೊಲಿಗೆ ಮಷೀನಿನ ಪಕ್ಕ ಕೂತು ತಿಂದಳು.

ಮನೆಯ ಹೊರಗೆ ಹೋದರೆ ಇನ್ನೂ ಕಷ್ಟ. ನನ್ನನ್ನು ಕಂಪ್ಯೂಟರ್ ಕೋರ್ಸಿಗೆ ಸೇರಿಸಲು ಅಮೀರ್‌ಪೇಟೆಗೆ ಹೊರಟಿದ್ದೆವು. ಮೆಟ್ರೋದಲ್ಲಿ ಹೆಂಗಸರ ಸೀಟಿನ ಮೇಲೆ ತರುಣನೊಬ್ಬ ಗೊರಕೆ ಹೊಡೆಯುತ್ತಿದ್ದ. ಅವನನ್ನು ಎಬ್ಬಿಸುವುದು ಸರಿಯೇ? ಮೂರು ಕೋರ್ಟುಗಳೂ ದೂರದಲ್ಲಿವೆ. ಚಿಗವ್ವ ಬೋಗಿಯವರನ್ನೇ ಕೇಳಿದಳು! ನಿಯಮ ನಿಯಮವೇ ಎಂದರು ಒಬ್ಬರು. ದಣಿದವನನ್ನು ಎಬ್ಬಿಸಿದರೆ ಪಾಪ ಎಂದರು ಇನ್ನೊಬ್ಬರು. ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ವಾದ ಹತ್ತಿಕೊಂಡಿತು. ಆ ಗದ್ದಲಕ್ಕೆ ತರುಣ ತಾನೇ ಎದ್ದು, “ಕೂರ್ಚೋಂಡಿ ಆಂಟೀ,” ಎಂದು ಸೀಟು ಬಿಟ್ಟುಕೊಟ್ಟ. ಚಿಗವ್ವ ಗೆದ್ದ ಸಂತೋಷದಲ್ಲಿ ಕೂತು ಹೊರಗೆ ನೋಡಿದರೆ ಅಮೀರ್‌ಪೇಟೆ ಎಂದೋ ದಾಟಿ ಕೊನೆಯ ನಿಲ್ದಾಣ, ಮಿಯಾಪುರ!

ಹೀಗೆ ನಗುನಗುತ್ತ ಎಂಟು ತಿಂಗಳು ಕಳೆಯಿತು. ಆಮೇಲೊಂದು ದಿನ ನನ್ನ ಗಂಡನ ದೊಡ್ಡಪ್ಪನ ಫೋನು ಬಂತು. ಭಾನುವಾರ ಬಂದು ಹುಡುಗಿಯನ್ನು ಕರೆದುಕೊಂಡು ಹೋಗುತ್ತೇವೆ, ತಯಾರಾಗಿರಲಿ.

ಚಿಗವ್ವ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನೂ ಹಿಂದೆ ಹೋದೆ. ಗಂಡನ ಮನೆಯೇ ಹೆಣ್ಣಿಗೆ ಕೈಲಾಸ ಅಂತ ಶಾಸ್ತ್ರದಲ್ಲಿದೆ ಎಂದರು ಅಯ್ನೋರು. ಯಾವ ಶಾಸ್ತ್ರ ಎಂದು ನಾನು ಕೇಳಿದ್ದಕ್ಕೆ ಗಂಟೆ ಬಾರಿಸಿದರು. ಎಲ್ಲವೂ ಭ್ರಮೆಯಾದ ಮೇಲೆ ಎಲ್ಲಿದ್ದರೇನು, ಕಳಿಸಿಬಿಡಿ ಎಂದರು ಮಾಸ್ಟರು. ಖಾಲಾ ಕಣ್ಣು ಒರೆಸಿಕೊಂಡು, “ಭೇಜ್ ದೇವ್ ಅಮ್ಮಾ. ಲೋಗಾಂ ಕ್ಯಾ ಬೋಲಿಂಗೇ?” ಕಳಿಸಿಬಿಡು, ಜನ ಏನೆಂದಾರು ಎಂದರು. ಅವರ ದಿಲ್ ಕೂಡ ಅಂದು ನೆರೆಹೊರೆಯವರನ್ನು ಕೇಳಿಯೇ ಮಾತಾಡಿತು! ಸಾವಿರ ವಿಷಯಕ್ಕೆ ಕಿತ್ತಾಡುವ ಮೂರು ತತ್ವಜ್ಞಾನಗಳು ಮೊದಲ ಸಲ ಒಮ್ಮತಕ್ಕೆ ಬಂದವು, ಅದೂ ನನ್ನ ವಿಷಯದಲ್ಲಿ! ನಾನು ಮನೆಗೆ ಬಂದು ಸೂಟ್‌ಕೇಸಿನಲ್ಲಿ ಬಟ್ಟೆ ತುಂಬತೊಡಗಿದೆ. ಚಿಗವ್ವ ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಇಬ್ಬರೂ ಬಂದರು. ಗಂಡ ಎಂದಿನಂತೆ ಫ್ಯಾನು ನೋಡುತ್ತ ಕೂತ. ದೊಡ್ಡಪ್ಪ ಶುರುಮಾಡಿದರು. “ನೀವ ಹೇಳ್ರಿ ತಂಗಿ, ಗಂಡನ ಮನಿ ಬಿಟ್ಟು ಹೆಣಮಗಳು ಇಲ್ಲಿ ಕುಂತಾಳ. ಇದು ಬರೋಬರಿ ಏನು?”

“ಬರೋಬರಿ ಅಲ್ಲಂತರಿ,” ಎಂದಳು ಚಿಗವ್ವ. “ಮೂರು ಮಂದೀನ ಕೇಳೀನಿ. ದೇವರು ಅದಾನ ಅನ್ನಾವರೂ ತಪ್ಪಂದ್ರು, ಇಲ್ಲ ಅನ್ನಾವರೂ ತಪ್ಪಂದ್ರು.”

ನಾನು ಸೂಟ್‌ಕೇಸಿಗೆ ಕೈ ಹಾಕಿದೆ.

“ಆದ್ರ ಈ ಹುಡುಗಿ ಬಂದಾಗ ಜೋರಾಗಿ ಉಸರ ಬಿಡಾಕೂ ಅಂಜತಿದ್ಲರಿ. ಈಗ ಭಾಂಡಿ ತಿಕ್ಕೋತ ಹಾಡಾಕತ್ತಾಳ. ನಾ ಕಳಸಂಗಿಲ್ಲ. ತಪ್ಪಿದ್ರ ಆ ತಪ್ಪು ನಂದು. ಪಾಪ ಬಂದ್ರ ನನಗ ಬರಲಿ. ಚಾ ಕುಡದು ಹೋಗ್ರಿ.”

ಅವರು ಚಹಾ ಕುಡಿಯದೆ ಹೋದರು. ಚಿಗವ್ವ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕುಸಿದು ಕೂತಳು. ಬಿಸ್ಕತ್ತಿಗೂ ಅಪ್ಪಣೆ ಬೇಡುತ್ತಿದ್ದವಳು!

“ಏ, ನಾ ಮಾಡಿದ್ದು ಬರೋಬರಿ ಆತೇನ?” ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲೇ ಕೈ ಅಡ್ಡ ಹಿಡಿದಳು. “ತಡಿ, ಹೇಳಬ್ಯಾಡ. ತಪ್ಪ ಅಂದ್ರೂ ನಾ ಬದಲ ಮಾಡಾಕಿ ಅಲ್ಲ.”

ಅಷ್ಟು ಹೆದರುವ ಜೀವ ನನಗಾಗಿ ಯಾರ ಅಪ್ಪಣೆಯೂ ಇಲ್ಲದೆ ನಿಂತಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲೇ ನೆಲಕ್ಕೆ ಕೂತು ಅವಳ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ.