ಕೆಂಪು ಗಾಡಿ, ಕರಿ ಗಾಡಿ, ಮಗಳ ಲಗ್ನ

ಮೋಟಾರು ಓಡಿಸಿ ಕೈಕಾಲು ಮುರಿದುಕೊಂಡವರನ್ನು ಎಲ್ಲರೂ ಕಂಡಿರುತ್ತಾರೆ. ಬರೀ ಮೋಟಾರಿನ ಮಾತಾಡಿ ಸಂಬಂಧ ಮುರಿದುಕೊಳ್ಳುವವರು ನಮ್ಮ ಮನೆಯಲ್ಲೇ ಇದ್ದರು. ಹೀಗಾಗಿ ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗಬೇಕಾಗಲಿಲ್ಲ, ಅವೇ ದಿನ ಬೆಳಗಾದರೆ ಅಂಗಡಿಯ ಮೆಟ್ಟಿಲೇರಿ ಬರುತ್ತಿದ್ದವು.

ಬೆಳಗಾವಿಯ ಕೋಟೆಯ ಹತ್ತಿರ ನಮ್ಮ ಅಣ್ಣನ ಗ್ಯಾರೇಜು, ಅದರ ಬಾಜೂಕೆ ನನ್ನ ಮೋಟಾರ್ ಸಾಮಾನಿನ ಅಂಗಡಿ. ನಾನು ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಮುಂಜಾನೆ ಲಿಂಗಪೂಜೆ, ಆಮೇಲೆ ಅಂಗಡಿ, ಸಂಜೆಗೆ ಮಠ, ಇಷ್ಟೇ ನನ್ನ ಸಂಚಾರ. ಅಣ್ಣನೂ ಪೂಜೆ ಬಿಟ್ಟವನಲ್ಲ. ಆದರೆ ಅವನಿಗೆ ಇನ್ನೊಂದು ಭಕ್ತಿ ಇತ್ತು. ವಿಲಾಯತಿಯಲ್ಲಿ ಓಡುವ ರೇಸಿನ ಮೋಟಾರುಗಳ ಭಕ್ತಿ. ಅದರಲ್ಲೂ ಅವನು ಕರಿ ಗಾಡಿಯ ಪಂಗಡ. ಉಳಿದ ಬಣ್ಣಗಳೆಲ್ಲ ಅವನ ಪಾಲಿಗೆ ಎತ್ತಿಗೆ ಹಚ್ಚುವ ಬಣ್ಣಗಳು.

ಎಪ್ಪತ್ತರ ದಶಕ ಮುಗಿಯುವ ತನಕ ಇದು ನನಗೆ ಬರೀ ಮೋಜಾಗಿತ್ತು. ಎಂಬತ್ತರ ದಶಕದಲ್ಲಿ ಮಗಳು ಲಗ್ನಕ್ಕೆ ಬಂದಳು. ಮೊದಲು ಬಂದ ಒಂದು ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ವರನ ಕಾಕಾ ಚಹಾ ಕುಡಿಯುತ್ತ ಯಾವುದೋ ನೀಲಿ ಗಾಡಿಯನ್ನು ಹೊಗಳಿದ. ಅಣ್ಣ, “ಅದು ಗಾಡಿ ಅಲ್ರೀ, ಹಿಟ್ಟಿನ ಗಿರಣಿ,” ಅಂದ. ಅವರು ಚಹಾ ಪೂರ್ತಿ ಕುಡಿಯದೆ ಎದ್ದು ಹೋದರು. ಅಂದಿನಿಂದ ನನಗೆ ಒಂದೇ ಚಿಂತೆ. ಮಗಳ ಲಗ್ನ ಆಗುವತನಕ ಅಣ್ಣನ ಬಾಯಿಯಿಂದ ಮೋಟಾರು ಹೊರಗೆ ಬರಬಾರದು.

ಗಡ್ಡದ ಹರಕೆ

ಈ ಭಕ್ತಿ ನಮ್ಮ ಗಲ್ಲಿಗೆ ಬಂದದ್ದು ರದ್ದಿಯ ದಾರಿಯಿಂದ. ದಂಡಿನವರ ಕ್ಯಾಂಪಿನ ಬಂಗಲೆಗಳಿಂದ ರದ್ದಿ ಅಂಗಡಿಗೆ ಇಂಗ್ಲಿಷ್ ಮೋಟಾರ್ ಮಾಸಿಕಗಳು ಬಂದು ಬೀಳುತ್ತಿದ್ದವು. ಅಣ್ಣ ಅವನ್ನು ತೂಕದ ಮೇಲೆ ತರುತ್ತಿದ್ದ. ಗಲ್ಲಿಯಲ್ಲಿ ಒಬ್ಬರು ಪಿಂಚಣಿ ಪೋಸ್ಟ್‌ಮಾಸ್ತರರಿದ್ದರು. ಅವರು ಓದಿ ಕನ್ನಡದಲ್ಲಿ ಹೇಳುತ್ತಿದ್ದರು. ಆದರೆ ರದ್ದಿಗೆ ಹಿಂದು ಮುಂದು ಎಂಬುದಿಲ್ಲ. ಈ ವಾರ ಸತ್ಕಾರ ಮಾಡಿಸಿಕೊಂಡು ನಿವೃತ್ತನಾದ ಡ್ರೈವರು ಮುಂದಿನ ವಾರ ಹೊಸ ಹುಡುಗನಾಗಿ ಗಾಡಿ ಏರುತ್ತಿದ್ದ. ಯಾರಿಗೂ ಅದರಲ್ಲಿ ವಿಚಿತ್ರ ಕಾಣುತ್ತಿರಲಿಲ್ಲ.

ಗ್ಯಾರೇಜಿನ ಪೇಂಟರು ಅಣ್ಣನಿಗಿಂತ ಒಂದು ಕೈ ಮೇಲು. ಕರಿ ಗಾಡಿಯ ಡ್ರೈವರು ಚಾಂಪಿಯನ್ ಆಗುವ ತನಕ ಗಡ್ಡ ತೆಗೆಯುವುದಿಲ್ಲ ಎಂದು ಹರಕೆ ಹೊತ್ತ. ಗಡ್ಡ ಎದೆಗೆ ಇಳಿಯಿತು. ಗ್ಯಾರೇಜಿನಲ್ಲಿ ಯಾವ ಲಾರಿಗೆ ಬಣ್ಣ ನಡೆದಿದೆ ಎಂಬುದು ಅವನ ಗಡ್ಡ ನೋಡಿದರೆ ತಿಳಿಯುತ್ತಿತ್ತು. ಕಡೆಗೆ ಅವನ ಹೆಂಡತಿ ಅಂಗಡಿಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಯಣ್ಣಾ, ಕೂಸು ಅಪ್ಪನ ಮಾರಿ ನೋಡಿ ಚಿಟ್ಟನ ಚೀರತೈತಿ. ಆ ಡ್ರೈವರ್‌ಗ ಒಂದು ಪತ್ರಾ ಬರದು ಲಗೂನ ಗೆಲ್ಲಾಕ ಹೇಳ್ರಿ.”

ನನಗೆ ಪಾಪ ಅನಿಸಿತು. ಪೋಸ್ಟ್‌ಮಾಸ್ತರರನ್ನು ಕೂರಿಸಿಕೊಂಡು ರದ್ದಿಯ ರಾಶಿಯನ್ನು ಬುಡತನಕ ತೆಗೆಸಿದೆ. ತಳದಲ್ಲಿ ಸಿಕ್ಕಿತು. ಆ ಡ್ರೈವರು ಚಾಂಪಿಯನ್ ಆಗಿಬಿಟ್ಟಿದ್ದ, ಅದೂ ಪೇಂಟರು ಹರಕೆ ಹೊರುವುದಕ್ಕೆ ಮೊದಲೇ. ಪೇಂಟರನ್ನು ಕರೆದು ಹೇಳಿದೆವು. ಅವನು ಗಡ್ಡ ನೀವಿಕೊಂಡ.

“ಹಂಗಾರ ಇಷ್ಟ ದಿನಾ ಬೆಳಸಿದ್ದು ಯಾವ ಲೆಕ್ಕಕ್ಕರೀ?”

“ಮುಂದಿನ ಗೆಲುವಿಗೆ ಅಡ್ವಾನ್ಸ್ ಅಂತ ತಿಳಕೋ,” ಅಂದರು ಪೋಸ್ಟ್‌ಮಾಸ್ತರರು. ಅವನು ಸಮಾಧಾನವಾಗಿ ಕ್ಷೌರದಂಗಡಿಗೆ ನಡೆದ.

ಎದುರಿಗೆ ಬಾರದ ಗಾಡಿಗಳು

ಡ್ರೈವರುಗಳ ಜಗಳ ಮುಗಿದರೆ ದಾರಿಗಳ ಜಗಳ. ಯಾವ ದೇಶದ ರೇಸಿನ ದಾರಿ ಕಠಿಣ ಎಂಬ ಚರ್ಚೆ. ಒಂದು ದಿನ ಅಣ್ಣ ಮೊನಾಕೊ ಎಂಬ ಊರಿನ ಚಿತ್ರ ತೋರಿಸುತ್ತಿದ್ದ. ಅಲ್ಲಿ ಮನೆಗಳ ನಡುವಿನ ಓಣಿಯಲ್ಲೇ ರೇಸು.

“ನಮ್ಮ ಗಣಪತ ಗಲ್ಲಿಯಾಗ ಸಂತಿ ದಿನ ಗಾಡಿ ಬಿಟ್ಟಂಗ,” ಎಂದು ಅಣ್ಣ ವಿವರಿಸಿದ. “ಒಂದ ಗೇಣು ತಪ್ಪಿದರ ಗ್ವಾಡಿಗೆ.”

ಅಲ್ಲಿ ಒಬ್ಬ ಲಾರಿ ಡ್ರೈವರು ತನ್ನ ಲಾರಿಯ ಮುರಿದ ಸ್ಪ್ರಿಂಗ್ ಪಾಟಾ ಬದಲಿಸುವುದನ್ನು ಕಾಯುತ್ತ ಟಾಯರ್ ಮೇಲೆ ಕೂತಿದ್ದ. ಖಾನಾಪುರ ದಾಟಿ ಘಾಟ ಇಳಿದು ಗೋವಾಕ್ಕೆ ಕಾಯಿಪಲ್ಯ ಸಾಗಿಸುವವನು. ಚಿತ್ರವನ್ನು ಕೈಯಲ್ಲಿ ಹಿಡಿದು ಸಾವಕಾಶವಾಗಿ ನೋಡಿದ.

“ಅಣ್ಣಾರ, ಇಲ್ಲಿ ಎಮ್ಮಿ ಅಡ್ಡ ಬರತಾವನ್ರಿ?”

“ಇಲ್ಲೋ.”

“ಮಳಿಗಾಲದಾಗ ಗುಡ್ಡ ಕುಸೀತೈತನ್ರಿ?”

“ಇಲ್ಲ.”

“ಎದುರಿಂದ ಲಾರಿ?”

“ಎದುರಿಂದ ಹ್ಯಾಂಗ ಬರತೈತೋ? ಎಲ್ಲಾರೂ ಒಂದ ಕಡೆ ಹೋಗತಾರ.”

ಡ್ರೈವರು ಚಿತ್ರವನ್ನು ಗೌರವದಿಂದ ಮಡಚಿ ಅಣ್ಣನ ಕೈಗೆ ಕೊಟ್ಟ.

“ಎಲ್ಲಾರೂ ಒಂದ ಕಡೆ ಹೋದರ ಅದು ರೇಸ್ ಅಲ್ರೀ, ಮೆರವಣಿಗಿ.”

ಅಣ್ಣ ಅವತ್ತು ಪಾಟಾವನ್ನು ಅವನಿಗೇ ಬಿಗಿದುಕೊಳ್ಳಲು ಹೇಳಿದ.

ಖಾನಾಪುರದ ಗೋಡೆ

ಇಂಥ ದಿನಗಳಲ್ಲೇ ಖಾನಾಪುರದ ಸಂಬಂಧ ಬಂತು. ವರನ ತಂದೆ ಹಂಚಿನ ಕಾರ್ಖಾನೆಯ ಸಾಹುಕಾರರು, ನಮ್ಮ ಹಾಗೆಯೇ ಲಿಂಗಪೂಜೆಯ ಮನೆತನ. ಹುಡುಗ ಬಂದು ನೋಡಿ ಒಪ್ಪಿದ್ದ. ನನ್ನ ಮಗಳು ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಂದಿನಿಂದ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದ್ದಳು. ಇನ್ನು ನಾವು ಹೋಗಿ ಅವರ ಮನೆ ನೋಡಿ ಬರುವುದಷ್ಟೇ ಉಳಿದಿತ್ತು. ಹಿರಿಯನಾದ ಅಣ್ಣನನ್ನು ಬಿಟ್ಟು ಹೋಗುವಂತಿಲ್ಲ.

“ಅಣ್ಣಾ, ಅಲ್ಲಿ ಮೋಟಾರ ಸುದ್ದಿ ಬ್ಯಾಡ,” ಎಂದೆ ಬಸ್ಸಿನಲ್ಲಿ.

“ಅಷ್ಟ ತಿಳಿಯೂದಿಲ್ಲೇನೋ ತಮ್ಮಾ ನನಗ? ಮಳಿ ಬೆಳಿ ಮಾತಾಡತೀನಿ.”

ಸಾಹುಕಾರರ ಪಡಸಾಲೆಗೆ ಕಾಲಿಟ್ಟೆವು. ಗೋಡೆಯ ಮೇಲೆ ಬಸವಣ್ಣನವರ ಪಟ. ಅದರ ಪಕ್ಕ ಮಠದ ಅಜ್ಜಾರ, ಅಂದರೆ ಸ್ವಾಮಿಗಳ, ಪಟ. ಅದರ ಪಕ್ಕ, ಗಾಜಿನ ಮೇಲೆ ಮೂರು ಬೆರಳು ವಿಭೂತಿ ಎಳೆಸಿಕೊಂಡು, ಕೆಂಪು ರೇಸ್ ಗಾಡಿ.

ಅಣ್ಣ ನೋಡಿದ. ನೋಡಿ ಕಣ್ಣು ತಗ್ಗಿಸಿ ಉಪ್ಪಿಟ್ಟು ತಿಂದ. ಇನ್ನಷ್ಟು ಹಾಕಿಸಿಕೊಂಡು ತಿಂದ. ಮಳೆಯ ಮಾತಾಡಿದ. ಬಸವಣ್ಣ ಕಾಪಾಡಿದ ಅಂದುಕೊಂಡೆ. ಅಷ್ಟರಲ್ಲಿ ಸಾಹುಕಾರರೇ ಪಟದ ಕಡೆ ಕೈ ತೋರಿಸಿ ಕೇಳಿದರು.

“ಹ್ಯಾಂಗ ಕಾಣತೈತ್ರಿ ನಮ್ಮ ಕೆಂಪು ಗಾಡಿ?”

ಅಣ್ಣ ನೀರು ಕುಡಿದ. “ಬಾಳ ಚಂದ ಐತ್ರಿ.”

ನಾನು ಉಸಿರು ಬಿಟ್ಟೆ.

“ನಿಂತಾಗ,” ಅಂದ ಅಣ್ಣ.

ಸಾಹುಕಾರರು ಚಹಾದ ಬಸಿ ಕೆಳಗಿಟ್ಟರು. “ಹಂಗಾರ ತಾವು ಕರಿ ಗಾಡಿಯವರು. ಓಡತೈತಿ ಬಿಡ್ರಿ ಅದೂನೂ. ಹೊಗಿ ಮುಂದ, ಗಾಡಿ ಹಿಂದ.”

ಮುಂದಿನದು ನನಗೆ ಸರಿಯಾಗಿ ಕೇಳಿಸಲಿಲ್ಲ, ಕಿವಿ ಗುಂಯ್ ಅನ್ನುತ್ತಿತ್ತು. ಕೊನೆಗೆ ತಿಳಿದದ್ದು ಇಷ್ಟು. ಸಾಹುಕಾರರ ತಂಗಿಯ ಮಗ ದುಬೈಯಲ್ಲಿದ್ದಾನೆ. ಆ ವರ್ಷದ ಕಡೆಯ ರೇಸು ಅಲ್ಲಿಯ ಟೀವಿಯಲ್ಲಿ ಬರುತ್ತದೆ, ಅವನು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಕಳಿಸುತ್ತಾನೆ. ಲಗ್ನದ ಮಾತು ಆಮೇಲೆ.

“ಕರಿ ಗಾಡಿ ಗೆದ್ದರ ನಾ ಯಾವ ಮಾರಿ ತಗೊಂಡು ಬೆಳಗಾವಿಗೆ ದಿಬ್ಬಣ ತರಲಿ?” ಅಂದರು ಸಾಹುಕಾರರು.

“ಕೆಂಪು ಗೆದ್ದರ ನಾ ಆ ಹಂದರದಾಗ ಕಾಲಿಡೂದಿಲ್ಲ,” ಅಂದ ಅಣ್ಣ. ನಮ್ಮ ಮನೆಯಲ್ಲಿ ಹಿರಿಯರು ಅಕ್ಕಿಕಾಳು ಹಾಕದೆ ಲಗ್ನವಿಲ್ಲ.

ಅಂದರೆ ಯಾವ ಗಾಡಿ ಗೆದ್ದರೂ ಸೋಲುವವಳು ನನ್ನ ಮಗಳು. ತಿರುಗಿ ಬರುವಾಗ ಬಸ್ಸಿನಲ್ಲಿ ಅಣ್ಣ ನನ್ನ ತೊಡೆ ತಟ್ಟಿದ.

“ಮಂದಿ ಹ್ಯಾಂಗರ ಇರ್ಲಿ ತಮ್ಮಾ, ಉಪ್ಪಿಟ್ಟು ಚಲೋ ಇತ್ತು.”

ಅಜ್ಜಾರ ಪ್ರಶ್ನೆ

ನಾನು ಮಠಕ್ಕೆ ಹೋಗಿ ಅಜ್ಜಾರ ಪಾದಕ್ಕೆ ಬಿದ್ದು ಎಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿಕೊಂಡರು.

“ಆ ಗಾಡಿ ಎಲ್ಲಿಂದ ಎಲ್ಲಿಗೆ ಹೋಗತಾವಪಾ?”

“ಎಲ್ಲಿಗೂ ಹೋಗೂದಿಲ್ರಿ ಅಜ್ಜಾರ. ಸುತ್ತಿ ಸುತ್ತಿ ಬಿಟ್ಟಲ್ಲೇ ಬರತಾವು.”

“ನಡುವ ಗುಡಿ ಐತೇನು?”

“ಇಲ್ರಿ.”

“ಗುಡಿ ಇಲ್ದ ಪ್ರದಕ್ಷಿಣಿ ಹಾಕತಾರಂದ್ರ ನಮಗಿಂತ ದೊಡ್ಡ ಭಕ್ತರು ಬಿಡು,” ಅಂದರು ಅಜ್ಜಾರು.

ನಾನು ಧೈರ್ಯ ಮಾಡಿ, ಯಾವ ಗಾಡಿಯೂ ಗೆಲ್ಲಬಾರದು ಎಂದು ದೇವರಿಗೆ ಬೇಡಿಕೊಳ್ಳಬಹುದೇ ಎಂದು ಕೇಳಿದೆ.

“ಬೇಡು. ಬೇಡೂದು ನಿನ್ನ ಕೆಲಸ. ಯಾವ ಕೈಲೆ ಕೊಡಬೇಕು ಅನ್ನೂದು ಅವನ ಕೆಲಸ. ಅದರಾಗ ಬಾಯಿ ಹಾಕಬ್ಯಾಡ.”

ಅಂದಿನಿಂದ ಪೂಜೆಯಲ್ಲಿ ದಿನಾಲೂ ಬೇಡಿಕೊಂಡೆ. ಜಗತ್ತಿನಲ್ಲಿ ಎರಡೂ ಕಡೆಯವರು ಸೋಲಲಿ ಎಂದು ಬೇಡಿಕೊಂಡ ಭಕ್ತ ನಾನೊಬ್ಬನೇ ಇರಬೇಕು.

ಕ್ಯಾಸೆಟ್ಟು

ಕ್ಯಾಸೆಟ್ಟು ಬಂತು. ಸಾಹುಕಾರರು ಟೀವಿ, ವಿಡಿಯೋ ಎರಡನ್ನೂ ಬಾಡಿಗೆಗೆ ತರಿಸಿ ಪಡಸಾಲೆಯಲ್ಲಿ ಇಡಿಸಿದ್ದರು. ಸಂಜೆಯ ಹೊತ್ತಿಗೆ ಖಾನಾಪುರದ ಕೆಂಪು ಪಂಗಡ ಒಂದು ಜಮಖಾನೆಯ ಮೇಲೆ, ಬೆಳಗಾವಿಯಿಂದ ಅಣ್ಣ ಕರೆತಂದ ಕರಿ ಪಂಗಡ ಇನ್ನೊಂದರ ಮೇಲೆ. ಗಡ್ಡವಿಲ್ಲದ ಪೇಂಟರೂ ಬಂದಿದ್ದ. ವರನ ತಾಯಿ ಚಹಾ ಕೊಡುವ ನೆಪದಲ್ಲಿ ಬಗ್ಗಿ ಮೆಲ್ಲಗೆ ಕೇಳಿದರು.

“ಅಣ್ಣಾರ, ನೀವು ಯಾವ ಕಡೆ?”

“ನಾ ಲಗ್ನದ ಕಡೆರೀ ಅಕ್ಕಾರ.”

“ನಾನೂನೂ,” ಅಂದರು ಅವರು.

ಟೀವಿಯಲ್ಲಿ ಹೇಳುವವನು ಅರಬ್ಬಿ ಮಾತಾಡುತ್ತಿದ್ದ. ಯಾರಿಗೂ ಒಂದಕ್ಷರ ತಿಳಿಯದು. ಆದರೂ ಎರಡೂ ಜಮಖಾನೆಗಳಿಂದ ಅರ್ಥ ಹೇಳುವುದು ನಡೆದಿತ್ತು. “ಕೆಂಪು ಗಾಡಿ ಟಾಯರ್ ಸವದಾವ ಅಂತ ಹೇಳಾಕತ್ತಾನ,” ಅಂದ ಪೇಂಟರು. “ಛೇ, ಕರಿ ಗಾಡಿಯಾಗ ಪೆಟ್ರೋಲ ತೀರೇತಿ ಅಂತಂದ,” ಅಂದರು ಸಾಹುಕಾರರು.

ಮುಂದೆ ಕೆಂಪು, ಕರಿ ಎರಡೇ. ಒಮ್ಮೆ ಅದು, ಒಮ್ಮೆ ಇದು. ಹಳದಿ ಬಣ್ಣದ ಒಂದು ಬಡಪಾಯಿ ಗಾಡಿ ಹಿಂದೆ ಎಲ್ಲೋ ಬರುತ್ತಿತ್ತು, ಅದನ್ನು ಯಾರೂ ಮಾತಾಡಿಸಲಿಲ್ಲ. ಕಡೆಯ ಸುತ್ತು ಬಂತು. ಎರಡೂ ಗಾಡಿ ಜೋಡಿಯಾಗಿ ದೊಡ್ಡ ತಿರುವಿಗೆ ಬಂದವು. ಅಣ್ಣ ನನ್ನ ಹೆಗಲನ್ನು ಜಾಕ್ ತಿರುಗಿಸಿದ ಹಾಗೆ ಹಿಂಡಿದ. ನಾನು ಕಣ್ಣು ಮುಚ್ಚಿ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡೆ.

ಎಂಜಿನ್ನಿನ ಸದ್ದು ನಿಂತಿತು. ಇಂಪಾದ, ದೀರ್ಘವಾದ ಒಂದು ದನಿ ಎದ್ದಿತು. ಕಣ್ಣು ತೆರೆದರೆ ಟೀವಿಯಲ್ಲಿ ಒಂದು ಮಸೀದಿ, ಅದರ ಹಿಂದೆ ಸಂಜೆಯ ಆಕಾಶ. ಆ ದೇಶದಲ್ಲಿ ನಮಾಜಿನ ಹೊತ್ತಾಗಿತ್ತು, ಟೀವಿಯವರು ರೇಸು ನಿಲ್ಲಿಸಿ ಬಾಂಗು ಹಾಕಿದ್ದರು.

ಸಾಹುಕಾರರು ಎದ್ದು ನಿಂತು ಕೈ ಮುಗಿದರು. ಅವರನ್ನು ನೋಡಿ ಅಣ್ಣನೂ ಟೊಪ್ಪಿಗೆ ಸರಿಮಾಡಿಕೊಂಡು ಕೈ ಮುಗಿದ. ಎರಡೂ ಪಂಗಡ ಎದ್ದು ನಿಂತವು. ಬಾಂಗು ಮುಗಿದ ಮೇಲೆ ಕೋಟು ತೊಟ್ಟ ಒಬ್ಬ ಮನುಷ್ಯ ಬಂದು ವಾರ್ತೆ ಓದತೊಡಗಿದ. ಓದುತ್ತ ಓದುತ್ತ ಕ್ಯಾಸೆಟ್ಟೇ ಮುಗಿದುಹೋಯಿತು.

“ಮತ್ತ ಗೆದ್ದವರ್ಯಾರು?” ಅಂದ ಅಣ್ಣ.

ಸಾಹುಕಾರರು ಸಾವಕಾಶವಾಗಿ ಕೂತರು. “ದೇವರ ಹೆಸರು ಬಂದ ಮ್ಯಾಲೆ ವಾದ ಮಾಡೂದು ನಮ್ಮಂಥವರಿಗೆ ಶೋಭಿಸೂದಿಲ್ರಿ.”

ಅಣ್ಣನೂ ಕೂತ. “ಖರೇ ಐತ್ರಿ.”

ಅವರ ಮನಸ್ಸು ತಿರುಗುವುದರೊಳಗೆ ವರನ ತಾಯಿ ಸಕ್ಕರೆಯ ತಟ್ಟೆ ತಂದು ನಡುವೆ ಇಟ್ಟುಬಿಟ್ಟರು. ಇಬ್ಬರೂ ಸಕ್ಕರೆ ತಿಂದರು. ನಮ್ಮಲ್ಲಿ ಸಕ್ಕರೆ ತಿಂದರೆ ಲಗ್ನ ಗಟ್ಟಿ. ಮರುದಿನ ಮಠಕ್ಕೆ ಓಡಿ ಅಜ್ಜಾರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು.

“ಬೇಡಿದ್ದು ಇಲ್ಲಿ, ಕೊಟ್ಟದ್ದು ಅಲ್ಲಿಂದ. ಅವನ ಕೈ ಎಷ್ಟ ಉದ್ದ ಐತಿ ನೋಡಿದೇನು?”

ಬುಂದೆ ಉಂಡಿ

ಲಗ್ನ ಬೆಳಗಾವಿಯಲ್ಲಿ. ಹಂದರ ತುಂಬಿತ್ತು, ಮುಹೂರ್ತ ಹತ್ತಿರ ಬಂದಿತ್ತು. ನಾನು ದೊಡ್ಡ ತಟ್ಟೆಯಲ್ಲಿ ಬುಂದೆ ಉಂಡಿ ಹಿಡಿದು ಬಂದವರಿಗೆಲ್ಲ ಕೊಡುತ್ತ ನಿಂತಿದ್ದೆ. ಆಗ ಬಾಗಿಲಲ್ಲಿ ಬಣ್ಣದ ಕನ್ನಡಕ ಹಾಕಿದ ಒಬ್ಬ ತರುಣ ಟ್ಯಾಕ್ಸಿಯಿಂದ ಇಳಿದ. ಕ್ಯಾಸೆಟ್ಟು ಕಳಿಸಿದ್ದ ಸಾಹುಕಾರರ ತಂಗಿಯ ಮಗ, ದುಬೈಯವನು. ಲಗ್ನಕ್ಕೆಂದೇ ರಜೆ ಹಾಕಿ ಬಂದಿದ್ದ.

ನಾನು ಹೊರಡುವುದರೊಳಗೆ ಆ ಕಡೆಯಿಂದ ಸಾಹುಕಾರರು, ಈ ಕಡೆಯಿಂದ ಅಣ್ಣ ಹೋಗಿ ಅವನ ಒಂದೊಂದು ತೋಳು ಹಿಡಿದಿದ್ದರು.

“ಕಡೀ ಸುತ್ತಿನಾಗ ಏನಾತಪಾ?”

ಅವನು ಉತ್ಸಾಹದಿಂದ ಬಾಯಿ ತೆರೆದ. ನಾನು ಅದರೊಳಗೆ ಉಂಡಿ ಇಟ್ಟೆ.

“ದೂರದಿಂದ ಬಂದೀರಿ, ಮೊದಲ ಬಾಯಿ ಸಿಹಿ ಆಗಲಿ.”

ಅವನು ಅಗಿದ. ನುಂಗಿದ. ಮತ್ತೆ ಬಾಯಿ ತೆರೆದ. ನಾನು ಮತ್ತೆ ಇಟ್ಟೆ. ಅವನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಒಳಗಿನಿಂದ ಹಿರಿಯರಿಗೆ ಕೂಗು ಬಂತು. ಅಣ್ಣ, ಸಾಹುಕಾರರು ಇಬ್ಬರೂ ಹೋಗಲೇಬೇಕಾಯಿತು. ಅಕ್ಕಿಕಾಳು ಬಿದ್ದವು. ಅಣ್ಣ ಎಲ್ಲರಿಗಿಂತ ದೊಡ್ಡ ಮುಷ್ಟಿ ತುಂಬಿ ಹಾಕಿದ. ನನ್ನ ಮಗಳು ತಲೆ ತಗ್ಗಿಸಿ ನಕ್ಕಳು. ಎಷ್ಟೋ ತಿಂಗಳಿನಿಂದ ಹಿಡಿದಿಟ್ಟ ಉಸಿರನ್ನು ನಾನು ಅಲ್ಲಿ ಬಿಟ್ಟೆ.

ಆದರೆ ದುಬೈಯವನು ಅಷ್ಟರಲ್ಲಿ ನೀರು ಕುಡಿದಿದ್ದ. ಹಂದರದ ನಡುವೆಯೇ ಬಂದು ಹೇಳಿಬಿಟ್ಟ.

“ಮಾಮಾ, ಆ ತಿರುವಿನಾಗ ಕೆಂಪು, ಕರಿ ಎರಡೂ ಒಂದಕ್ಕೊಂದು ತೆಕ್ಕಿಬಿದ್ದು ಉಸುಕಿನಾಗ ಹೋಗಿ ನಿಂತ್ವು. ಹಿಂದ ಬರತಿದ್ದ ಹಳದಿ ಗಾಡಿ ಗೆದ್ದತು.”

ಅಣ್ಣ ಸಾಹುಕಾರರ ಮುಖ ನೋಡಿದ. ಸಾಹುಕಾರರು ಅಣ್ಣನ ಮುಖ ನೋಡಿದರು.

“ಎರಡೂ ಕೂಡೇ ನಿಂತ್ವ?” ಅಂದ ಅಣ್ಣ.

“ಕೂಡೇ. ಕ್ರೇನ್ ತಂದು ಬಿಡಿಸಬೇಕಾತ್ರಿ.”

ಸಾಹುಕಾರರು ಅಣ್ಣನ ಕೈ ಹಿಡಿದುಕೊಂಡರು. “ಹಂಗಾರ ಅವೂ ಬೀಗರಾದ್ವು ಅನ್ರಿ.”

ಹಂದರವೆಲ್ಲ ನಕ್ಕಿತು. ಅಣ್ಣನೂ ನಕ್ಕ. ನಕ್ಕು, ಕೈ ಬಿಡದೆ, ಕೆಮ್ಮಿದ.

“ಆಗಲಿ ಬೀಗರ. ಆದ್ರ ಒಂದ ಮಾತು. ಮೊದಲ ಬಂದು ಡಿಕ್ಕಿ ಹೊಡದದ್ದು ಕೆಂಪು…”

ತಟ್ಟೆಯಲ್ಲಿ ಇನ್ನೂ ಉಂಡಿ ಉಳಿದಿದ್ದವು. ಇದ್ದುದರಲ್ಲಿ ದೊಡ್ಡದನ್ನು ಆರಿಸಿ ಅಣ್ಣನ ಬಾಯಿಗೆ ಇಟ್ಟೆ.