ಎಲ್ಲಿಗೆ ಅಂತ ಕೇಳಬ್ಯಾಡ್ರಿ, ಇಟಲಿಗೆ ಹೊಂಟೀವಿ

ನಮ್ಮ ಮನ್ಯಾಗ ಯಾವ ಕೆಲಸಾನೂ ಸೀದಾ ಮುಗದದ್ದು ನಾ ನೋಡಿಲ್ಲ. ಗ್ಯಾಸ್ ಸಿಲಿಂಡರ್ ತರಾಕ ಹೋದವ್ರು ಯಾರದೋ ಮದುವಿ ಮಾತಾಡ್ಕೊಂಡು ಬರ್ತಾರ, ಸಿಲಿಂಡರ್ ಅಲ್ಲೇ ಬಿಟ್ಟು. ನಾ ಮೂಲ್ಯಾಗ ಪುಸ್ತಕ ಹಿಡ್ಕೊಂಡು ಕುಂತು ಬಾಯಿ ತೆರದು ನೋಡಾಕಿ. ಮಂದಿ ಮುಂದ ಮಾತಾಡೂದಂದ್ರ ನನಗ ಆಗಂಗಿಲ್ಲ. ಅಂಗಡ್ಯಾಗ ಒಂದು ಪೆನ್ನು ಕೇಳಬೇಕಾದ್ರೂ ಮನ್ಯಾಗ ಎರಡ ಸಲ ಪ್ರಾಕ್ಟೀಸ್ ಮಾಡಿ ಹೋಗ್ತೀನಿ. ಹಂತಾಕಿ ಇವತ್ತ ಬಾಯಿ ಬಿಡಾಕತ್ತೀನಿ ಅಂದ್ರ, ಈ ಬ್ಯಾಸಿಗಿದಾಗ ಆದದ್ದು ಹೊಟ್ಟ್ಯಾಗ ಇಟ್ಕೊಳ್ಳಾಕ ಜಾಗ ಇಲ್ಲ ಅಂತ ತಿಳ್ಕೋರಿ.

ಗಾಡ್ಯಾಗ ಮನಿ

ಹುಮನಾಬಾದದಾಗ ನಮ್ಮ ಮಾಮಾ ಇದ್ದಾರ, ನಮ್ಮವ್ವನ ಅಣ್ಣ. ಟೆಂಪೊ ಓಡಸ್ತಾರ. ಹೈದರಾಬಾದದಿಂದ ಪುಣೆ ತನಕ ಹೈವೇದಾಗ ಯಾವ ಢಾಬಾದಾಗ ಚಾ ಚಲೋ, ಯಾವುದರಾಗ ಸಕ್ಕರಿ ಜಾಸ್ತಿ, ಎಲ್ಲಾ ಬಾಯಿಪಾಠ. ಅವರ ಮಗಳು ಜರ್ಮನಿದಾಗ ನರ್ಸ್. ನಾ ಅಕ್ಕಾ ಅಂತೀನಿ. ಮೂರು ವರ್ಷ ಆತು, ಒಮ್ಮೆನೂ ಊರಿಗೆ ಬರಾಕ ರಜಾ ಸಿಕ್ಕಿಲ್ಲ.

ಒಂದು ಐತವಾರ ನಾವು ಬಸವಕಲ್ಯಾಣದಿಂದ ಮಾಮಾರ ಮನಿಗೆ ಹೋಗಿದ್ವಿ. ಅಕ್ಕಾ ವಿಡಿಯೊ ಕಾಲ್ ಮಾಡಿದ್ಳು.

"ಅಪ್ಪಾ, ಈ ಸಲ ನೀವೇ ಬರ್ರಿ. ಟಿಕೀಟ್ ನಾ ಕಳಸ್ತೀನಿ. ಇಲ್ಲಿ ಕ್ಯಾಂಪರ್ ವ್ಯಾನ್ ಅಂತ ಬಾಡಿಗಿಗೆ ಸಿಗ್ತಾವ. ಗಾಡ್ಯಾಗೇ ಅಡಗಿ, ಗಾಡ್ಯಾಗೇ ನಿದ್ದಿ. ಅದರಾಗ ಇಟಲಿಗೆ ಹೋಗೂಣು."

ಮಾಮಾ ಜರಾ ವಿಚಾರ ಮಾಡಿ ಅಂದ್ರು, "ಗಾಡ್ಯಾಗ ಅಡಗಿ, ಗಾಡ್ಯಾಗ ನಿದ್ದಿ. ಇದಕ್ಕ ಇಟಲಿ ಯಾಕ ಬೇಕವ್ವಾ? ನಾ ಇಪ್ಪತ್ತು ವರ್ಷದಿಂದ ಅದನ್ನೇ ಮಾಡಾಕತ್ತೀನಿ."

"ಇಟಲಿದಾಗ ಯಾವ ಊರು?" ಅಂತ ಅವ್ವ ಕೇಳಿದ್ಳು.

"ಸಿಯೆನಾ," ಅಂದ್ಳು ಅಕ್ಕಾ. "ಇಕಿ ಸಣ್ಣಾಕಿದ್ದಾಗ ಲೈಬ್ರರಿ ಪುಸ್ತಕದಾಗಿನ ಒಂದು ಫೋಟೊ ತೋರಸಿ ತೋರಸಿ ನನ್ನ ತಲಿ ತಿಂತಿದ್ಳಲ್ಲ? ಗುಡ್ಡದ ಮ್ಯಾಲ ಹಳೇ ಊರು, ನಡುವ ಚಿಪ್ಪಿನಂಗ ಇಳಿಜಾರು ಚೌಕ. ಅದೇ ಊರು."

ಆ ಫೋಟೊ ನಾ ಎಷ್ಟು ನೋಡಿದ್ದೆ ಅಂದ್ರ, ಆ ಚೌಕದಾಗಿನ ಕಿಡಕಿ ಎಷ್ಟು ಅಂತ ಎಣಿಸಿ ಇಟ್ಟಿದ್ದೆ.

"ಗಾಡಿ ನಾಕ ಸೀಟಿಂದು," ಅಕ್ಕಾ ಬೆರಳು ಮಡಚಿ ಲೆಕ್ಕ ಮಾಡಿದ್ಳು. "ನಾನು, ಅಪ್ಪಾ, ಅವ್ವಾ, ಆಯಿ. ಬರೋಬ್ಬರಿ ಆತು."

ಅಕ್ಕಾನ ಅವ್ವಾ ಅಂದ್ರ ನನ್ನ ಮಾಮಿ. ಆಯಿ ಅಂದ್ರ ನಮ್ಮಜ್ಜಿ, ಮಾಮಾರ ತಾಯಿ. ಫೋಟೊ ನಂದು, ಊರು ನಂದು, ಸೀಟ್ ಇಲ್ಲ. ನಾ ಏನಂದೆ? "ಹೂಂ" ಅಂದೆ. ಮಾಮಾ ನನ್ನ ತಲಿ ಸವರಿ, "ಓದಿದ ಹುಡುಗಿ ಇಕಿ. ಪ್ಲಾನ್ ಎಲ್ಲಾ ಇಕೀನೇ ಮಾಡ್ಲಿ," ಅಂದ್ರು. ಅಂದ್ರ ಕರೀಲಾರದ ಮದುವ್ಯಾಗ ನನಗ ಬಡಸಾಕ ನಿಂದ್ರಿಸಿದ್ರು.

ಒಲಿ ಬಾಜೂಕ

ಮುಂದಿನ ಐತವಾರ ಅಕ್ಕಾ ಕಳಿಸಿದ ಗಾಡಿ ನಕಾಶೆ ಹಿಡ್ಕೊಂಡು ಕುಂತೆ. ಆಯಿ, ಮಾಮಾ, ಮಾಮಿ ಸುತ್ತ ಕುಂತ್ರು.

"ಇದು ಒಲಿ. ಇದು ಫ್ರಿಜ್. ಇದು ಮಂಚ, ಹಗಲಿ ಮಡಚಿದ್ರ ಸೋಫಾ ಆಗ್ತದ."

"ಭೇಷ್," ಅಂದ್ಳು ಆಯಿ. "ದೇವರ ಎಲ್ಲಿ ಇಡೂದು?"

"ಈ ಒಲಿ ಮ್ಯಾಲಿನ ಕಪಾಟಿನ್ಯಾಗ."

"ಕಪಾಟಿನ ಬಾಜೂಕ ಬಾಗಲ ಕಾಣ್ತದಲ್ಲ, ಅದೇನು?"

ನಾ ಸಣ್ಣ ದನಿಲೆ ಅಂದೆ, "ಸಂಡಾಸು."

ಮಾಮಿ ಕನ್ನಡಕ ಹಾಕ್ಕೊಂಡ್ರು.

"ಒಲಿಯಿಂದ ಎಷ್ಟ ದೂರ?"

ನಕಾಶೆದಾಗ ಅಳತಿ ಇತ್ತು. ಸುಳ್ಳ ಹೇಳಾಕ ಆಗ್ಲಿಲ್ಲ. "ಎರಡ ಗೇಣು."

"ಅಂದ್ರ ನಾ ಇಲ್ಲಿ ಪಲ್ಯಾ ತಿರುವೂವಾಗ ನಿಮ್ಮ ಮಾಮಾ ಅಲ್ಲಿ ಕುಂತಿರ್ತಾರ?"

"ಬಾಗಲ ಇರ್ತದ್ರಿ ಮಾಮಿ."

"ವಾಸನಿಗೆ ಬಾಗಲ ಗೊತ್ತಾಗ್ತದೇನು? ನಾ ಬರಂಗಿಲ್ಲ. ದೀಪಾವಳಿಗೆ ಹ್ಯಾಂಗರೆ ಮಾಡಿ ರಜಾ ತಗೊಂಡು ಬರ್ತೀನಿ ಅಂದಾಳಲ್ಲ ಮಗಳು, ಆವಾಗ ನೋಡ್ತೀನಿ. ನಮ್ಮ ಮನ್ಯಾಗ ಸಂಡಾಸು ಹಿತ್ತಲದಾಗ ಅದ."

ಆಯಿ ಮಾತ್ರ, "ಮೂರು ವರ್ಷ ಆತು ಮೊಮ್ಮಗಳ ಮಾರಿ ನೋಡಿ. ನಾ ಬರಾಕಿನೇ. ಆ ಬಾಗಲಿಗೆ ಒಂದು ಸೀರಿ ಕಟ್ರಿ, ಗೋಡಿ ಅಂತ ತಿಳ್ಕೋತೀನಿ," ಅಂದ್ಳು.

ಮಾಮಾಗ ಬ್ಯಾರೆ ಫಿಕರ್. "ಅಲ್ಲವ್ವಾ, ತುಂಬಿದ ಮ್ಯಾಲ ಅದು ಎಲ್ಲಿಗೆ ಹೋಗ್ತದ?"

"ಕೆಳಗ ಒಂದು ಡಬ್ಬಿ ಇರ್ತದ್ರಿ. ಡ್ರೈವರ್ ಅದನ್ನ ಹೊರಗ ತಗದು, ಕೈಲೆ ಹಿಡ್ಕೊಂಡು ಹೋಗಿ ಖಾಲಿ ಮಾಡಿ, ತೊಳಕೊಂಡು ಬರಬೇಕು."

ಒಂದು ವಾರದಿಂದ ಮಾಮಾರದು ಒಂದೇ ಹಟ ಇತ್ತು, ಇಟಲಿ ತನಕ ಸ್ಟೇರಿಂಗ್ ತಾವೇ ಹಿಡೀಬೇಕಂತ. ನೀರಿನ ಗ್ಲಾಸ್ ಕೆಳಗ ಇಟ್ಟು ಅಂದ್ರು, "ಗಾಡಿ ಮಗಳೇ ಹೊಡೀಲಿ. ಆಕಿಗೆ ಅಲ್ಲಿ ರಸ್ತಾ ಗೊತ್ತವ."

ರಿಹರ್ಸಲ್

ಗಾಡ್ಯಾಗ ಆಯಿಗೆ ಕೂಡಾಕ ಆಗ್ತದೋ ಇಲ್ಲೋ ನೋಡಬೇಕು ಅಂತ ಮಾಮಾ ಒಂದು ರಿಹರ್ಸಲ್ ಇಟ್ರು. ಟೆಂಪೊದಾಗ ಗಾದಿ ಹಾಸಿದ್ರು, ಒಂದು ಒಲಿ, ನೀರಿನ ಡ್ರಮ್, ಆಯಿಗೆ ಖುರ್ಚಿ, ಖುರ್ಚಿಗೆ ಹಗ್ಗ. ಹುಮನಾಬಾದದಿಂದ ಬಸವಕಲ್ಯಾಣ ತನಕ ಹೋಗೂದು, ತ್ರಿಪುರಾಂತ ಕೆರಿ ದಂಡಿ ಮ್ಯಾಲ ಗಾಡಿ ನಿಂದ್ರಿಸಿ ಉಪ್ಪಿಟ್ಟು ಮಾಡ್ಕೊಂಡು ತಿನ್ನೂದು. ಆಯಿ ಖುರ್ಚಿ ಹಿಡೀಲಾಕ ನಾ.

ಊರು ದಾಟೂದ್ರಾಗ ಪೊಲೀಸ್‌ನವ್ರು ಕೈ ಮಾಡಿದ್ರು. ಒಳಗ ಹಣಿಕಿ ಹಾಕಿದ್ರು. ಗಾದಿ, ಒಲಿ, ಹಗ್ಗ ಕಟ್ಟಿದ ಮುದುಕಿ.

"ಎಲ್ಲಿಗೆ ಹೊಂಟೀರಿ?"

ಮಾಮಾಗ ಖಾಕಿ ನೋಡಿದ್ರ ಸುಳ್ಳು ಬರೂದಿಲ್ಲ. "ಇಟಲಿಗ್ರಿ ಸಾಹೇಬ್ರ. ಇವತ್ತ ಬಸವಕಲ್ಯಾಣ ತನಕ ಅಷ್ಟ."

ಪೊಲೀಸ್‌ನವ್ರು ಗಾಬರಿ. ನಾ ಗಾಬರಿ. ಆಯಿ ಎಲ್ಲರಕಿಂತ ಗಾಬರಿ, ಆದ್ರ ಇಟಲಿ ಸಲುವಾಗಿ ಅಲ್ಲ. ಹೊಂಟವರಿಗೆ "ಎಲ್ಲಿಗೆ" ಅಂತ ಕೇಳಬಾರದು, ಕೇಳಿದ್ರ ಹೋದ ಕೆಲಸ ಕೆಡ್ತದ. ಇದು ನಮ್ಮ ಕಡೆ ಎಲ್ಲಾರ ಮನ್ಯಾಗೂ ಅದ. ಆದ್ರ ನಮ್ಮ ಆಯಿಗೆ ಅದು ಕಾನೂನು. ಯಾರರ ಕೇಳಿದ್ರಪಾ ಅಂದ್ರ ಹೊಳ್ಳಿ ಮನಿಗೆ ಬರಬೇಕು, ಚಪ್ಪಲಿ ಬಿಡಬೇಕು, ಕುಂತು ನೀರು ಕುಡೀಬೇಕು, ಆಮ್ಯಾಲ ಮತ್ತ ಹೊಂಡಬೇಕು.

"ತಿರುವು ಗಾಡಿ," ಅಂದ್ಳು ಆಯಿ.

ತಿರುವಿದ್ವಿ. ಮನಿಗೆ ಬಂದ್ವಿ, ನೀರು ಕುಡದ್ವಿ, ಹೊಂಟ್ವಿ. ಅದೇ ಜಾಗಾ, ಅದೇ ಪೊಲೀಸ್‌ನವ್ರು. ಈ ಸಲ ಗುರುತು ಹಿಡದು ನಕ್ಕೋತ, "ಯಾಕ್ರೀ, ಮತ್ತ ಎಲ್ಲಿಗೆ?" ಅಂದ್ರು.

ತಿರುವಿದ್ವಿ.

ಮೂರನೇ ಸಲ ಮಾಮಾ ಗಾಡಿ ದೂರದಾಗೇ ನಿಂದ್ರಿಸಿ, ಇಳದು ನಡಕೋತ ಹೋಗಿ ಕೈ ಮುಗದ್ರು. "ಸಾಹೇಬ್ರ, ನಿಮ್ಮ ಕಾಲಿಗೆ ಬೀಳ್ತೀನಿ. ಬೇಕಾದ್ದು ಕೇಳ್ರಿ. ಲೈಸೆನ್ಸ್ ಕೇಳ್ರಿ, ಕಾಗದ ಕೇಳ್ರಿ. ಎಲ್ಲಿಗೆ ಅಂತ ಮಾತ್ರ ಕೇಳಬ್ಯಾಡ್ರಿ."

ಪೊಲೀಸ್‌ನವ್ರು ಒಳ್ಳೇವ್ರು. "ಆತು ಬಿಡ್ರಿ, ಲೈಸೆನ್ಸ್ ತೋರಸ್ರಿ," ಅಂದ್ರು.

ಲೈಸೆನ್ಸ್ ಎರಡನೇ ಸಲ ನೀರು ಕುಡಿಯೂವಾಗ ಮನ್ಯಾಗ ಬಿಟ್ಟು ಬಂದಿದ್ವಿ.

ತಂಬಗಿ

ಮಾಮಿ ಬಿಟ್ಟ ಸೀಟು ಖಾಲಿ ಅದ ಅನ್ನೂ ಸುದ್ದಿ ಹುಮನಾಬಾದ ದಾಟಿ ಹುಲಸೂರ ತನಕ ಹೋತು. ನಮ್ಮ ಮಂದಿ ಮಾರಿ ಮ್ಯಾಲ "ಇಲ್ಲ" ಅನ್ನಂಗಿಲ್ಲ. "ನೋಡೂಣ್ರಿ" ಅಂತಾರ. ಮಾಮಾ ಎಲ್ಲಾರಿಗೂ "ನೋಡೂಣ್ರಿ" ಅಂದ್ರು. ಕೇಳಿದವ್ರು ಎಲ್ಲಾರೂ ಬ್ಯಾಗ್ ತುಂಬಿದ್ರು.

ಹುಲಸೂರದಿಂದ ಮಾಮಿಯವರ ಅಕ್ಕ ಸ್ವೆಟರ್ ಹಾಕ್ಕೊಂಡೇ ಬಂದ್ರು, ಬ್ಯಾಸಿಗಿದಾಗ. ಮಾಮಾರ ದೋಸ್ತ್ ಒಬ್ರು, "ನನಗ ಸೀಟ್ ಬ್ಯಾಡ, ಬಾಗಲದಾಗ ಒಂದು ಸ್ಟೂಲ್ ಸಾಕು," ಅಂದ್ರು. ನಾಕ ಬೆಲ್ಟ್ ಇದ್ರ ನಾಕೇ ಮಂದಿ ಕೂಡಬೇಕು, ಅಲ್ಲಿ ಕಾನೂನು ಹಂಗ ಅದ ಅಂತ ನಾ ಬರದು ತೋರಸಿದೆ. ಬಾಯಿಲೆ ಹೇಳಾಕ ಧೈರ್ಯ ಇರ್ಲಿಲ್ಲ.

"ನಮ್ಮ ಆಟೊದಾಗ ಮೂರ್ ಅಂದ್ರ ಹನ್ನೊಂದು ಕೂಡ್ತೀವಿ," ಅಂದ್ರು ಆ ದೋಸ್ತ್. "ಅಲ್ಲಿ ನಾಕ ಅಂದ್ರ ನಾಕೇ? ಆ ದೇಶ ಹ್ಯಾಂಗ ಮುಂದ ಬಂತು?"

ಕಡಿಗೆ ಚೀಟಿ ಎತ್ತೂದು ಅಂತ ಆತು. ಅಕ್ಷರ ಚಂದ ಅಂತ ಚೀಟಿ ಬರಿಯೂ ಕೆಲಸ ನಂದು. ಹನ್ನೊಂದು ಮಂದಿ ಹೆಸರು ಬರದೆ. ನಿನ್ನ ಹೆಸರೂ ಬರಿ ಅಂತ ಯಾರೂ ಅನ್ನಲಿಲ್ಲ, ನಾ ಬರೀಲಿಲ್ಲ. ಮಡಚಿ ಮಡಚಿ ತಂಬಗ್ಯಾಗ ಹಾಕುವಾಗ ಕಣ್ಣಾಗ ನೀರು ಬಂತು. ಬಾಜೂಕ ಮಾಮಿ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ರು, ಚಲೋ ಆತು.

ಎತ್ತಾಕಿ ಆಯಿ. ಕೈ ಹಾಕಿ ಒಂದು ಚೀಟಿ ತಗದ್ಳು. ಬಿಚ್ಚಿದ್ಳು. ದೂರ ಹಿಡದ್ಳು, ಹತ್ರ ಹಿಡದ್ಳು. ಚೀಟಿ ತಲಿ ಕೆಳಗ ಆಗಿತ್ತು. ಗಂಟಲ ಸರಿ ಮಾಡ್ಕೊಂಡು ನನ್ನ ಹೆಸರು ಓದಿದ್ಳು.

ಮಂದಿ ಬಾಯಿ ತೆರೆಯೂದ್ರಾಗ ಚೀಟಿ ಎಲಿ ಅಡಿಕಿ ಜೋಡಿ ಬಾಯಾಗ ಹಾಕ್ಕೊಂಡು ಅಗಿಯಾಕತ್ತಿದ್ಳು.

ಹುಲಸೂರದವ್ರು ಸ್ವೆಟರ್ ಬಿಚ್ಚಿಕೋತ, "ಅತ್ತಿ, ನಿಮಗ ಓದಾಕ ಯಾವಾಗ ಬಂತ್ರಿ?" ಅಂದ್ರು.

"ಇಟಲಿಗೆ ಹೋಗೂ ಮಂದಿ ನಾವು," ಅಂದ್ಳು ಆಯಿ. "ಅಷ್ಟೂ ಬರಬಾರದೇನು?"

ಎಲ್ಲಾರಕಿಂತ ಹೆಚ್ಚು ಬೆವತಾಕಿ ನಾ. ಹನ್ನೊಂದೂ ಚೀಟಿ ಬರದಾಕಿ ನಾನೇ ಅಲ್ಲೇನು!

ಕೌಂಟರ್

ವೀಸಾ ಆಫೀಸು ಹೈದರಾಬಾದದಾಗ. ಹೋಗೂ ದಿನ ಯಾರೂ "ಎಲ್ಲಿಗೆ" ಅನ್ನಬಾರದು ಅಂತ ಮಾಮಾ ಓಣಿ ಮಂದಿಗೆಲ್ಲಾ ಹಿಂದಿನ ದಿನಾನೇ ಹೇಳಿ ಬಂದಿದ್ರು. ನಾವು ಹೊರಗ ಬಿದ್ದಾಗ ಓಣಿಗೆ ಓಣಿ ಬಾಯಿ ಮ್ಯಾಲ ಕೈ ಇಟ್ಕೊಂಡು ನಿಂತಿತ್ತು. ಬಸ್ಸಿನ್ಯಾಗ ಕಂಡಕ್ಟರ್ ಬಾಯಿ ತೆರೆಯೂ ಮೊದಲೇ ಮಾಮಾ ಮೆಟ್ಟಲ ಮ್ಯಾಲಿಂದ ಒದರಿದ್ರು, "ಹೈದರಾಬಾದ್ ಮೂರು!"

ಆಫೀಸಿನ್ಯಾಗ ಎ.ಸಿ. ಎಲ್ಲಾರೂ ಪಿಸಿಪಿಸಿ ಮಾತಾಡಾಕತ್ತಿದ್ರು. ನಮ್ಮ ನೀರಿನ ಬಾಟ್ಲಿ ವಾಚ್‌ಮನ್ ಬಾಗಲದಾಗೇ ಇಸ್ಕೊಂಡ. ನಮ್ಮ ನಂಬರ್ ಬಂತು. ಮೊದಲು ಆಯಿ ಖುರ್ಚಿ ಮ್ಯಾಲ ಕುಂತ್ಳು, ಹಿಂದ ನಾವಿಬ್ರು ನಿಂತ್ವಿ. ಕೌಂಟರಿನ್ಯಾಗ ಟೈ ಕಟ್ಟಿದ ಒಬ್ಬಾಂವ. ಪಾಪ, ಒಳ್ಳೇ ಹುಡುಗ, ನಕ್ಕೋತ ಮಾತಾಡಿಸಿದ.

"ಅಮ್ಮಾ, ಕಾಂ ಜಾರೈಂ?"

ಎಲ್ಲಿಗೆ ಹೊಂಟೀರಿ ಅಂತ. ಮಾಮಾ ತಲಿ ಮ್ಯಾಲ ಕೈ ಇಟ್ಕೊಂಡ್ರು.

ಆಯಿ ಎದ್ದಳು. ಸೀದಾ ಬಾಗಲ ತನಕ ಹೋದ್ಳು. ಚಪ್ಪಲಿ ಬಿಟ್ಟು ವಾಚ್‌ಮನ್ ಖುರ್ಚಿ ಮ್ಯಾಲ ಕುಂತು ನೀರು ಕೇಳಿದ್ಳು. ಆಂವ ಗಡಬಡಿಸಿ ಒಂದು ಗ್ಲಾಸ್ ತಂದ. ಕುಡದು ಹೊಳ್ಳಿ ಬಂದ್ಳು.

"ತಬಿಯತ್ ಠೀಕ್ ಹೈ ಅಮ್ಮಾ?" ಅಂತ ಆ ಹುಡುಗ ಹಿಂದಿದಾಗ ಕೇಳಿದ. ಆಯಿ ತಲಿ ಅಲ್ಲಾಡಿಸಿದ್ಳು. ಆಂವ ಮತ್ತ ಕೇಳಿದ, "ಹಾಂ, ಫಿರ್ ಬೋಲೋ. ಕಾಂ ಜಾರೈಂ?"

ಆಯಿ ಎದ್ದಳು.

ಎರಡನೇ ಗ್ಲಾಸ್ ಮುಗಿಯೂದ್ರಾಗ ಒಳಗಿಂದ ದೊಡ್ಡ ಮೇಡಂ ಬಂದ್ರು. ಆ ಹುಡುಗ ನಮ್ಮ ಅರ್ಜಿ ತೋರಿಸಿ ಹೇಳಾಕತ್ತ: ಎಲ್ಲಿಗೆ ಹೋಗ್ತೀರಿ ಅಂತ ಕೇಳಿದ್ರ ಎದ್ದು ಹೋಗ್ತಾರ್ರಿ, ಎಲ್ಲಿಗೆ ಅಂತ ಅವರಿಗೇ ಗೊತ್ತಿಲ್ಲ. ಮೇಡಂ ಪೆನ್ನು ತಗದು ಅರ್ಜಿ ಮ್ಯಾಲ ಏನೋ ಬರಿಯಾಕ ಹೊಂಟ್ರು.

ಆಯಿ ಅರ್ಜಿ ರದ್ದಾತಂದ್ರ ಆಯಿ ಬಿಟ್ಟು ಮಾಮಾ ಹೋಗಂಗಿಲ್ಲ. ಅಕ್ಕಾ ಅಲ್ಲಿ ಒಬ್ಬಾಕಿನೇ. ಆ ಚಿಪ್ಪಿನ ಚೌಕ ಪುಸ್ತಕದಾಗೇ ಉಳೀತದ. ಪ್ರಾಕ್ಟೀಸ್ ಮಾಡಾಕ ಟೈಮ್ ಇರ್ಲಿಲ್ಲ.

"ಎಲ್ಲಿಗೆ ಅಂತ ಕೇಳಬ್ಯಾಡ್ರೀ! ಹೊಳ್ಳಿ ಯಾವಾಗ ಬರ್ತೀರಿ ಅಂತ ಕೇಳ್ರೀ!"

ಒದರಿದಾಕಿ ಯಾರು ಅಂತ ನಾನೂ ಹಿಂದ ತಿರುಗಿ ನೋಡಿದೆ. ಆಫೀಸಿಗೆ ಆಫೀಸು ನನ್ನ ಕಡೆ ನೋಡಾಕತ್ತಿತ್ತು. ಮಾಮಾ, "ಯವ್ವಾ, ಇಕಿಗೆ ದನಿ ಅದ!" ಅಂದ್ರು. ಆತು, ಮರ್ಯಾದಿ ಹೋಗಿದ್ದು ಹೋತು ಅಂತ ಹಿಂದಿದಾಗೂ ಒಂದು ಸಲ ಒದರಿದೆ.

ಮೇಡಂ ಪೆನ್ನು ಮುಚ್ಚಿದ್ರು. ಆಯಿ ಬರೂ ತನಕ ತಡದು, ಮೆತ್ತಗ ಕೇಳಿದ್ರು, "ಅಮ್ಮಾ, ವಾಪಸ್ ಕಬ್ ಆತೇ?"

ಆಯಿ ಸೆರಗು ಸರಿ ಮಾಡ್ಕೊಂಡು ಆರಾಮ ಕುಂತ್ಳು. "ಈಗ ಕೇಳಿದಿ ನೋಡವ್ವಾ, ಶಾಣ್ಯಾಕಿ! ಹದಿನೈದನೇ ದಿನಕ್ಕ ಮನ್ಯಾಗ ಇರಬೇಕು. ಮಾವಿನಕಾಯಿ ಉಪ್ಪಿನಕಾಯಿ ಹಾಕೂದದ. ಸೊಸಿ ಕೈಯಾಗ ಬಿಟ್ರ ಉಪ್ಪು ಸುರೀತಾಳ. ಒಂದ ದಿನ ತಡ ಆದ್ರ ಜಾಡಿ ಪೂರಾ ಹಾಳು. ಬೇಕಾದ್ರ ಆ ದೇಶ ಅರ್ಧಾ ನೋಡಿ ಬರ್ತೀನಿ, ಜಾಡಿ ಬಿಡಾಕಿ ಅಲ್ಲ."

ನಾ ಒಂದೊಂದೇ ಮಾತು ಹಿಂದಿದಾಗ ಹೇಳಿದೆ, ಸೊಸಿ ಉಪ್ಪಿನ ಸುದ್ದಿ ಸಹಿತ. ಮೇಡಂ ಆ ಹುಡುಗಗ ಅಂದ್ರು, "ಬರ್ಕೋ. ಇಷ್ಟು ಪಕ್ಕಾ ಹೊಳ್ಳಿ ಬರೋರು ಈ ವರ್ಷದಾಗ ನಾ ನೋಡಿಲ್ಲ."

ಮೂರೂ ವೀಸಾ ಆಮ್ಯಾಲ ಮನಿಗೆ ಬಂದ್ವು. ಆದ್ರ ಆ ದಿನದ್ದು ಇನ್ನೂ ಮುಗದಿರ್ಲಿಲ್ಲ. ಖುಷಿಲೆ ಹೊರಗ ಬಂದ್ವಿ. ಆಯಿ ನನ್ನ ಕೈ ಹಿಡದು, "ಪೋರಿ, ಇಷ್ಟು ದನಿ ಇಟ್ಕೊಂಡು ನನಗ ಚೀಟಿ ಯಾಕ ತಿನ್ನಿಸಿದಿ?" ಅಂದ್ಳು. ಅಷ್ಟರಾಗ ಮಾಮಾ ಒಂದು ಆಟೊಕ್ಕ ಕೈ ಮಾಡಿದ್ರು. ಆಟೊದಾಂವ ಬ್ರೇಕ್ ಹೊಡದು, ತಲಿ ಹೊರಗ ಹಾಕಿ ಕೇಳಿದ:

"ಕಾಂ ಜಾನಾ ಅಮ್ಮಾ?"

ಹಿಂದ ತಿರುಗಿ ನೋಡಿದ್ರ, ವಾಚ್‌ಮನ್ ಖುರ್ಚಿ ಹೊರಗ ಹಾಕಿ, ನೀರಿನ ಗ್ಲಾಸ್ ಹಿಡ್ಕೊಂಡು ಆಗಲೇ ನಿಂತಿದ್ದ.